ಹೆಪ್ಪು ಸತ್ತ ತೊಟ್ಟಿ

ವಿಜಯಪುರ,
೨೦-೧-೨೦೨೫

ಪ್ರೀತಿಯ ಮೊಮ್ಮಗಳು ಅನುರಾಧಾಳಿಗೆ ನಿನ್ನ ಆಯಿಯ ಆಶೀರ್ವಾದ.

ಧಾರವಾಡದ ನೀರು ಒಗ್ಗಿತೇ? ತರಬೇತಿಗೆ ಹೋದವಳು ಪೇಢೆ ತಿಂದು ಹಲ್ಲು ಕೆಡಿಸಿಕೊಳ್ಳಬೇಡ. ನೀನು ಆಸ್ಪತ್ರೆಗೆ ಸೇರಿಸಿ ಹೋದ ಮೇಲೆ ನನ್ನ ಸಕ್ಕರೆ ಇಳಿದಿದೆ, ಇಲ್ಲಿಯ ರೊಟ್ಟಿ ಕಂಡರೆ ಯಾರದಾದರೂ ಇಳಿದೀತು. ನಾಳೆ ನಮ್ಮೂರು ಬಿಜ್ಜರಗಿಗೆ ಕಳಿಸುತ್ತಾರೆ. ಫೋನಿನಲ್ಲಿ ಹೇಳಿದರೆ ನಡುವೆಯೇ ಕೂಗಾಡುತ್ತೀ; ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಹಿಂದೆ ನೀನು ನೋಡಿಕೊಳ್ಳುವ ಹೊಲಸು ನೀರಿನ ಘಟಕ ಕೆಟ್ಟು ನಿಂತಿದೆ. ತೊಟ್ಟಿಯಲ್ಲಿ ಹೊಲಸು ತಿನ್ನುವ ಜೀವಾಣುಗಳೆಲ್ಲ ಸತ್ತಿವೆಯಂತೆ. ಅವು ತಿಂದ ಮೇಲಲ್ಲವೇ ನೀರು ಕೂದಲೂ ತೂರದ ನಿನ್ನ ಜರಡಿಗೆ ಹೋಗುವುದು, ಓಝೋನ್ ಗಾಳಿ ಔಷಧದ ವಿಷ ಮುರಿಯುವುದು, ಕೊನೆಗೆ ಬೇವಿನ ಸಸಿಗಳಿಗೆ ಬರುವುದು? ತೊಟ್ಟಿಯಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಬಂತೆಂದು ನಿನ್ನ ಬದಲಿಗೆ ನಿಂತ ಸೈಫುದ್ದೀನನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಅವನು ನನ್ನ ಮಂಚದ ಬಳಿ ಬಂದು, "ಅಮ್ಮಾರ, ನಾ ಪುಡಿ ಮುಟ್ಟಿಲ್ರಿ. ಮೇಡಮ್ಮಾರಿಗೆ ನೀವರ ಹೇಳ್ರಿ" ಎಂದ. ಡಾಕ್ಟರನ್ನೂ ಬಿಡದ ನನ್ನ ನಾಲಿಗೆ ಅವತ್ತು ಏಳಲಿಲ್ಲ.

"ಆಯಿ, ಅದು ಮೊಸರಿನ ಹೆಪ್ಪಿದ್ದಂಗ, ಜ್ವಾಕಿ ಮಾಡಬೇಕು" ಎಂದು ನೀನು ಹೇಳಿದಾಗ, "ಮೊಸರಿಗೆ ಇಷ್ಟು ನಾತ ಇರತೈತೇನ ಬೇ" ಎಂದು ನಕ್ಕಿದ್ದೆ. ಈಗ ನೋಡು, ಹೆಪ್ಪು ಸತ್ತರೆ ನೆರೆಮನೆಯಿಂದ ತರುವಂತೆ ಇನ್ನೊಂದು ಆಸ್ಪತ್ರೆಯ ತೊಟ್ಟಿಯಿಂದ ಟ್ಯಾಂಕರಿನಲ್ಲಿ ಕೆಸರು ತಂದು ಹಾಕಿದ್ದಾರೆ. ಹದಿನೈದು ದಿನಕ್ಕೆ ಕೂಡುತ್ತದಂತೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಹೊತ್ತಿರುವಾಗಲೇ ತಂದಿರೇನು ಎಂದು ಕೇಳಿದೆ. ಎಲ್ಲರೂ ನಕ್ಕರು, ಸೈಫುದ್ದೀನನ ಜಾಗದಲ್ಲಿ ಬಂದವನೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ವರ್ಷ ಬಾಳು, ನನ್ನ ನಾಲಿಗೆ ಮಾತ್ರ ನಿನಗೆ ಬಾರದಿರಲಿ.

ನಿನ್ನ ಆಯಿ,
ಕಾಳವ್ವ

ತಾ.ಕ.: ಮರೆತಿದ್ದೆ ಎನ್ನಲಾರೆ, ಬರೆಯಲು ಕೈ ಬರಲಿಲ್ಲ. ಪುಡಿ ಸುರಿದವಳು ನಾನೇ. ತಪಾಸಣೆಯವರು ಬರುತ್ತಾರೆಂದು ಕೇಳಿ ಹಿಂದೆ ಹೋಗಿ ನೋಡಿದೆ. ಕಂದು ಕೆಸರು, ಮೇಲೆ ನೊರೆ. ನನ್ನ ಮೊಮ್ಮಗಳ ತೊಟ್ಟಿ ಇಷ್ಟು ಹೊಲಸೇ ಎಂದು ನಾಚಿಕೆಯಾಯಿತು. ಊರ ನೀರಿನ ಟಾಕಿಗೆ ಹಾಕುವಂತೆ, ಅಲ್ಲೇ ಇದ್ದ ಚೀಲದಿಂದ ಐದಾರು ಬೋಗುಣಿ ಸುರಿದೆ. ಈ ಕಾಗದ ಮಡಚಿಟ್ಟು ದೊಡ್ಡ ಡಾಕ್ಟರ ಬಾಗಿಲಿಗೆ ಹೊರಟಿದ್ದೇನೆ. ಸೈಫುದ್ದೀನನನ್ನೂ ಕರೆಸಿದ್ದೇನೆ, ಅವನೆದುರೇ ಹೇಳಬೇಕು. ನೀನು ಬಂದ ಮೇಲೆ ಎಷ್ಟು ಬೇಕೋ ಅಷ್ಟು ಬೈಯಿ. ನಾನು ನಡುವೆ ಬಾಯಿ ಹಾಕುವುದಿಲ್ಲ.