ಪಚ್ಚಿಗೆ ಸೊಪ್ಪು ಹೆಚ್ಚುವವಳು

೪ ನವೆಂಬರ್ ೨೦೨೫, ಬೆಳಿಗ್ಗೆ

ನುಗ್ಗೆ ಸೊಪ್ಪು ಬಿಡಿಸಿದ್ದಾಯಿತು. ಸಿಹಿಗುಂಬಳ ತುರಿದೆ. ಬೀನ್ಸ್ ಸಣ್ಣಗೆ ಹೆಚ್ಚಿ, ದಾಸವಾಳದ ಎಲೆ ಹರಿದು ಹಾಕಿ, ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ. ಬಟ್ಟಲು ಒಯ್ದು ಅಪ್ಪನ ಮುಂದೆ ಇಟ್ಟೆ. ಅಂಗಳದ ಬಿಸಿಲಲ್ಲಿ ಕುರ್ಚಿ, ತೊಡೆಯ ಮೇಲೆ ಪಚ್ಚಿ. ಅವರ ಅಂಗೈಯಿಂದಲೇ ತಿನ್ನುತ್ತದೆ, ಕಣ್ಣು ಮುಚ್ಚಿಕೊಂಡು. ನಾನು ಕೈ ಚಾಚಿದರೆ ಬಾಲದಿಂದ ಬೀಸಿ ಹೊಡೆಯುತ್ತದೆ. ಮಣಿಕಟ್ಟಿನ ಮೇಲೆ ಇನ್ನೂ ಬರೆ ಇದೆ.

ತಂಗಿ ಗೀತಾ ಮದುವೆಯಾಗಿ ಹರಪನಹಳ್ಳಿಗೆ ಹೋದಳು, ಅವಳ ಇಗುವಾನ ಪಚ್ಚಿ ನನ್ನ ಕೊರಳಿಗೆ ಬಿತ್ತು. ಕಾಲೇಜಿನ ಗೆಳತಿ ಕೊಟ್ಟಿದ್ದಂತೆ. ಹುಳು ತಿನ್ನುವುದಿಲ್ಲ, ಬರೀ ಸೊಪ್ಪು ತಿನ್ನುವ ಹಲ್ಲಿ ಎಂದು ತಿಳಿದ ಮೇಲೆಯೇ ಅಪ್ಪ ಒಳಗೆ ಬಿಟ್ಟುಕೊಂಡಿದ್ದು. ಈಗ ‘ಗೀತಿ ಕೂಸು’ ಅನ್ನುತ್ತಾರೆ. ಲಕ್ವ ಹೊಡೆದ ಮೇಲೆ ಅವರನ್ನು ಎತ್ತಿ ಕೂರಿಸುವವಳು ನಾನು. ಸೊಪ್ಪು ಹೆಚ್ಚುವವಳು ನಾನು. ಕೂಸು ಮಾತ್ರ ಗೀತಿಯದು.

೯ ನವೆಂಬರ್, ಭಾನುವಾರ

ಗೀತಾ ಬಂದಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಪಚ್ಚಿ ಅವಳ ಹೆಗಲೇರಿತು. ಅಪ್ಪ ನಕ್ಕರು. ಎಷ್ಟು ತಿಂಗಳ ಮೇಲೆ!

ಬ್ಯಾಗಿನಿಂದ ಬಿಸ್ಕೀಟು, ಬಾಳೆಹಣ್ಣು ತೆಗೆದು ತಿನ್ನಿಸತೊಡಗಿದಳು. ಇವು ಅದಕ್ಕೆ ಆಗುವುದಿಲ್ಲ, ಮೂಳೆಗೆ ಕೇಡು ಎಂದೆ. ಅಪ್ಪ ನನ್ನ ಕಡೆ ನೋಡದೆಯೇ ಹೇಳಿದರು:

“ಒಂದಿನ ತಿಂದ್ರ ಏನಾಗ್ತೈತಿ, ಬಿಡು. ಅದರ ತಾಯಿ ಬಂದಾಳ.”

ತಾಯಿ. ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತೆ...

೧೬ ನವೆಂಬರ್

ಗೀತಾ ಮತ್ತೆ ಬಂದು ಪಚ್ಚಿಯನ್ನು ಒಯ್ದಳು. ಅಪ್ಪನನ್ನು ಕೇಳಿದಳಂತೆ, ಅವರು ಹೂಂ ಅಂದರಂತೆ. ನನ್ನನ್ನು ಯಾರೂ ಕೇಳಲಿಲ್ಲ.

ಪಂಜರ ಆಟೋಗೆ ಏರಿಸುವಾಗ ಕೇಳಿದಳು — ದಿನಾ ಏನೇನು ಹಾಕಬೇಕು, ಹೇಳು. ಹೇಳಬಹುದಿತ್ತು. ಬೆಳಗಿನ ಬಿಸಿಲು ಬೇಕೇ ಬೇಕು, ಪಾಲಕ್ ದಿನಾ ಕೊಡಬೇಡ, ಪುಡಿ ಮರೆಯಬೇಡ. ಎಲ್ಲ ನಾಲಿಗೆ ತುದಿಯಲ್ಲಿತ್ತು.

“ನಿಂದೇ ಅಲ್ಲೇನು,” ಅಂದೆ. “ನಿನಗ ಗೊತ್ತಿರ್ತೈತಿ.”

ಪುಡಿಯ ಡಬ್ಬಿ ಅಡುಗೆಮನೆಯಲ್ಲೇ ಉಳಿಯಿತು. ಮರೆತಿದ್ದಲ್ಲ.

೧೭ ನವೆಂಬರ್

ಅಭ್ಯಾಸಬಲದಿಂದ ನುಗ್ಗೆ ಸೊಪ್ಪು ತಂದೆ. ಪಲ್ಯ ಮಾಡಿದೆ. ಅಪ್ಪ ರೊಟ್ಟಿ ಜೊತೆ ತಿಂದು ಚಲೋ ಆಗೈತಿ ಅಂದರು. ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯಲ್ಲಿ ದಿನವೆಲ್ಲ ಖುಷಿಯಾಗಿದ್ದೆ. ಇಷ್ಟಕ್ಕೇ... ನಾಚಿಕೆಯಾಗುತ್ತದೆ.

೧೪ ಡಿಸೆಂಬರ್

ಗೀತಾ ವಿಡಿಯೋ ಕಳಿಸುತ್ತಾಳೆ. ಅಪ್ಪ ಹಲ್ಲುಜ್ಜುವ ಮೊದಲೇ ನನ್ನ ಫೋನ್ ಕೇಳುತ್ತಾರೆ. ಅನ್ನ ತಿನ್ನುವ ಪಚ್ಚಿ, ಸೌತೆಕಾಯಿ ತಿನ್ನುವ ಪಚ್ಚಿ. ಎಷ್ಟು ಜಾಣ ನೋಡು ಅನ್ನುತ್ತಾರೆ.

ಇವತ್ತಿನದನ್ನು ಅವರು ಮಲಗಿದ ಮೇಲೆ ಮತ್ತೆ ಹಾಕಿ ನೋಡಿದೆ. ಬಣ್ಣ ಮಾಸಿದೆ. ಮುಂಗಾಲಿನ ಬೆರಳು ಅದುರುತ್ತಿದೆ. ಕ್ಯಾಲ್ಸಿಯಂ ಕಡಿಮೆಯಾದರೆ ಮೊದಲು ಹೀಗೇ ಎಂದು ದಾವಣಗೆರೆಯ ಪ್ರಾಣಿಗಳ ಡಾಕ್ಟರ್ ಹೇಳಿದ್ದರು. ನಾಳೆ ಗೀತಾಗೆ ಫೋನ್ ಮಾಡಬೇಕು.

೧೫ ಡಿಸೆಂಬರ್

ಮಾಡಲಿಲ್ಲ. ಸಾಕುತ್ತೇನೆ ಅಂದವಳು ಸಾಕಲಿ.

೧೦ ಜನವರಿ ೨೦೨೬

ಗೀತಾಳೇ ಫೋನ್ ಮಾಡಿದಳು. ಪಚ್ಚಿ ಏಳುತ್ತಿಲ್ಲ. ದವಡೆ ಊದಿದೆ, ಎಲೆ ಕಚ್ಚಲು ಹೋಗಿ ಬಿಟ್ಟುಬಿಡುತ್ತದೆ. ಅಳುತ್ತಿದ್ದಳು. ವಿಡಿಯೋ ಯಾಕೆ ಬಂದಿಲ್ಲ ಎಂದು ಅಪ್ಪ ಕೇಳಿದರು. ನೆಟ್‌ವರ್ಕ್ ಇಲ್ಲ ಅಂದೆ.

೧೧ ಜನವರಿ, ಭಾನುವಾರ

ಅಪ್ಪನನ್ನು ಪಕ್ಕದ ಮನೆಯ ಗೌರಮ್ಮನಿಗೆ ಒಪ್ಪಿಸಿ ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೋದೆ. ಚೀಲದಲ್ಲಿ ನುಗ್ಗೆ ಸೊಪ್ಪು, ಆ ಡಬ್ಬಿ.

ಪಂಜರ ಸಾಮಾನಿನ ಕೋಣೆಯಲ್ಲಿತ್ತು. ಕಿಟಕಿಯೇ ಇಲ್ಲ. ಬಂದವರು ಹೆದರುತ್ತಾರೆ, ಹೊರಗಿಡಬೇಡ ಎಂದು ಅವಳ ಅತ್ತೆ ನಾಗಕ್ಕ ಹೇಳಿದ್ದಾರಂತೆ. ಕೆಟ್ಟವರಲ್ಲ, ಚಹಾ ಕೊಟ್ಟರು, ಹಲ್ಲಿಯ ಸಲುವಾಗಿ ಇಷ್ಟು ದೂರ ಬಂದೆಯಾ ಎಂದು ಮುಖ ನೋಡಿದರು. ಗೀತಾಳ ಗಂಡ ಕೆಲಸದ ಮೇಲೆ ಹೊರಗೇ ಇರುತ್ತಾನೆ. ಸಂತೆಗೆ, ಮಾರ್ಕೆಟ್ಟಿಗೆ ಹೋಗುವುದೂ ಅತ್ತೆಯೇ. ಮನೆಯಲ್ಲಿ ಏನು ಮಿಕ್ಕಿತೋ ಅದನ್ನು ಗೀತಾ ಪಚ್ಚಿಗೆ ಹಾಕಿದ್ದಾಳೆ.

ಎತ್ತಿಕೊಂಡೆ. ಬಾಲ ಬೀಸಲಿಲ್ಲ. ಬೀಸಿದ್ದರೆ ಎಷ್ಟು ಚೆನ್ನಾಗಿತ್ತು.

ಪಚ್ಚಿಯನ್ನು ಯಾಕೆ ತಂದೆ ಎಂದು ಸಿಟ್ಟಿನಿಂದಲೇ ಕೇಳಿದೆ. ಗೀತಾ ಗೋಡೆಗೆ ಒರಗಿ ನಿಂತಿದ್ದಳು.

“ಅಪ್ಪನ ಹತ್ರ ನೀ ಅದೀ, ಅಕ್ಕ. ದಿನಾ ಅವರ ಮಾರಿ ನೋಡ್ತಿ. ಆ ಮನೀದು ಒಂದರ ನನ್ನ ಹತ್ರ ಇರ್ಲಿ ಅಂತ ತಂದೆ.”

ನನ್ನನ್ನು ನೋಡಿ ಹೊಟ್ಟೆಕಿಚ್ಚುಪಡುವವರೂ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಅಲ್ಲಿಂದಲೇ ದಾವಣಗೆರೆ. ಡಾಕ್ಟರ್ ಇಂಜೆಕ್ಷನ್ ಕೊಟ್ಟು, ಸಿರಪ್ ಬರೆದರು. ಬಿಸಿಲು, ಸೊಪ್ಪು, ತಾಳ್ಮೆ. ಬದುಕಬಹುದು. ಹಿಂಗಾಲು ಸೊಟ್ಟಗೇ ಉಳಿಯುತ್ತದೆ. ಗೀತಾಳೂ ನನ್ನ ಜೊತೆ ಊರಿಗೆ ಬಂದಳು.

೧೪ ಜನವರಿ

ಸಿರಿಂಜಿನಲ್ಲಿ ಅರೆದ ಸೊಪ್ಪಿನ ರಸ. ನಾನು ತಲೆ ಹಿಡಿಯುತ್ತೇನೆ, ಅವಳು ಹನಿಸುತ್ತಾಳೆ. ಅಪ್ಪ ಕುರ್ಚಿಯಿಂದಲೇ ನೋಡುತ್ತಾರೆ.

೧೯ ಜನವರಿ, ಮಧ್ಯಾಹ್ನ

ಇವತ್ತು ದಾಸವಾಳದ ಹೂವಿನ ಎಸಳು ತಾನೇ ಕಚ್ಚಿ ನುಂಗಿತು. ಗೀತಾಳ ಕೈಯಿಂದ. ಅಪ್ಪ ಅವಳ ತಲೆ ಸವರಿದರು. ಎಸಳು ಬಿಡಿಸಿ ಕೊಟ್ಟವಳು ನಾನು. ಖುಷಿಯೂ ಆಯಿತು, ಎದೆಯಲ್ಲಿ ಅದೇ ಉರಿಯೂ ಎದ್ದಿತು. ಎರಡೂ ಒಟ್ಟಿಗೆ.

ಅಪ್ಪ ಊಟ ಮಾಡಿ ಮಲಗಿದ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದೆವು. ಅವಳು ತಲೆಯೆತ್ತದೆ ಕೇಳಿದಳು:

“ಅವತ್ತು ಏನೇನ್ ಹಾಕ್ಬೇಕು ಅಂತ ಕೇಳಿದ್ನಲ್ಲ. ಯಾಕ ಹೇಳ್ಲಿಲ್ಲ ನೀ?”

ಮರೆತೆ ಅನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ.

“ನಿನ್ ಮ್ಯಾಲ ಹೊಟ್ಟಿಕಿಚ್ಚು ಇತ್ತು.”

“ಈಗ?”

“ಈಗೂ ಐತಿ.”

ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಪಕ್ಕಕ್ಕೆ ಇಟ್ಟಳು. ಆಮೇಲೆ ಎದ್ದು ಒಳಗೆ ಹೋದಳು. ಬಟ್ಟೆ ತುಂಬಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಅದಕ್ಕೇ ಇಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೋಗಬೇಡ ಅನ್ನಬೇಕು. ಹೇಗೆ ಅನ್ನುವುದು...

ಅಂಗಳದಿಂದ ಕರೆಯುತ್ತಿದ್ದಾಳೆ. ಬಿಸಿಲು ಸರಿಯಿತಂತೆ, ಪಂಜರ ಒಬ್ಬಳಿಂದ ಎತ್ತಲಾಗುವುದಿಲ್ಲ, ಆ ಕಡೆ ಹಿಡಿ ಅಂತ—