ಎಲೆಗೆ ಇಡದ ಎಳನೀರು

ಲಾಯಿಲ
೧೮ ಜನವರಿ ೨೦೨೫

ಮುದ್ದು ಮಗ ರಂಜಿತಾ,

ಹೇಗಿದ್ದಿ? ಬಹರೈನಿನಲ್ಲೂ ಈಗ ಚಳಿಯಂತೆ, ಅಲ್ಲಿಂದ ರಜೆಗೆ ಬಂದ ಲತೇಶ ಹೇಳಿದ. ಕೆಮ್ಮು ಬಿಟ್ಟಿತಾ? ಹೋಟೆಲಿನಲ್ಲಿ ಊರಿಗೆಲ್ಲ ಬಿಸಿಬಿಸಿ ಬಡಿಸಿ ನೀನು ತಣ್ಣಗಿನ ಅನ್ನ ತಿನ್ನುವವನು, ನನಗೆ ಗೊತ್ತುಂಟು. ಫೋನಿನಲ್ಲಿ ಮಾತಾಡುವ ಎಂದರೆ ನಿನ್ನ ತಂಗಿ ತೃಷಾಳ ಕಿವಿ ಸದಾ ಇತ್ತಲೇ ಇರುತ್ತದೆ. ಅದಕ್ಕೇ ಈ ಕಾಗದ. ರಜೆ ಮುಗಿಸಿ ಹೊರಟ ಲತೇಶನ ಕೈಯಲ್ಲಿ ಕೊಡುತ್ತೇನೆ.

ನನ್ನ ಹಲ್ಲಿನ ಕಥೆಯನ್ನು ಅವಳು ನಗಾಡಿಕೊಂಡು ಅರ್ಧ ಹೇಳಿರಬೇಕು. ಉಳಿದದ್ದು ನನ್ನಿಂದ ಕೇಳು. ಅಪ್ಪ ತೀರಿದ ಮೇಲಿನ ಮೊದಲ ದೀಪಾವಳಿಗೆ ಅವರ ಹೆಸರಿನಲ್ಲಿ ಎಲೆ ಹಾಕಿ, ಕೋಳಿ, ರೊಟ್ಟಿ ಎಲ್ಲ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ಎಳನೀರು ಮಾತ್ರ ಇಡಲಿಲ್ಲ. ತೃಷಾ ಕೆತ್ತಿಸಿ ತಂದಿದ್ದಳು. ನಾನೇ, "ಬೇಡ ಮಗಾ, ಅವರ ಕಿಡ್ನಿಗೆ ಆಗುವುದಿಲ್ಲ" ಎಂದೆ. ಅವಳೂ ಹೌದೆಂದು ಅದನ್ನು ಫ್ರಿಜ್ಜಿಗಿಟ್ಟಳು! ಸತ್ತವರಿಗೆ ಎಂಥ ಪಥ್ಯ ಮಾರಾಯ? ಅಷ್ಟು ಕಾಲ ಡಾಕ್ಟರು ಬೇಡ ಬೇಡ ಎಂದದ್ದು ನಮ್ಮ ಬಾಯಿಗೇ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಕೊನೆಗೆ, "ಒಂದು ಗುಟುಕು ಬೊಂಡ ಕೊಡು ಮಾರಾಯ್ತಿ" ಎಂದು ಅವರು ಎಳನೀರು ಕೇಳಿದ್ದು ಆಗ ನೆನಪಿಗೇ ಬರಲಿಲ್ಲ.

ಮರುದಿನ ಆ ಎಳನೀರನ್ನು ನಾನು ಬಾಯಿಗಿಟ್ಟೆ. ಎಡಬದಿಯ ಹಲ್ಲುಗಳಿಂದ ನೆತ್ತಿಯವರೆಗೆ ಕರೆಂಟು ಹೊಡೆದ ಹಾಗಾಯಿತು. ಇದು ಅವರೇ ಬಂದದ್ದು, ಬೇರೆ ಯಾರೂ ಅಲ್ಲ ಎಂದು ನನಗೆ ಖಾತ್ರಿಯಾಯಿತು. ಅಲ್ಲಿಂದ ಎಳನೀರು ತಂದಾಗಲೆಲ್ಲ ಮೊದಲ ಗ್ಲಾಸು ಅವರ ಕುರ್ಚಿಯ ಮುಂದಿಟ್ಟು, ತಪ್ಪಾಯಿತೆಂದು ಕೈಮುಗಿದು, ಆಮೇಲೆ ಕುಡಿಯುತ್ತಿದ್ದೆ. ಆದರೂ ಬಿಡಲಿಲ್ಲ. ಗುಟುಕು ಇಳಿಯುವಾಗ ಅವರು ಬೆನ್ನ ಹಿಂದೆ ನಿಂತಿದ್ದಾರೆ ಅನಿಸುತ್ತಿತ್ತು. ತಿರುಗಿ ನೋಡಲು ಧೈರ್ಯ ಸಾಲುತ್ತಿರಲಿಲ್ಲ.

ಕುರ್ಚಿಯ ಮುಂದಿನ ಗ್ಲಾಸು ಕಂಡು, ಹಲ್ಲಿನ ಸಂಗತಿ ಬಾಯಿ ಬಿಡಿಸಿ, ತೃಷಾ ನನ್ನನ್ನು ಗುರುವಾಯನಕೆರೆಯ ಹಲ್ಲಿನ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದಳು. ಡಾಕ್ಟರು ಸಣ್ಣ ಪ್ರಾಯದ ಹುಡುಗಿ, ಬಾಯಿ ಮಾತ್ರ ಜೋರು. "ಅಮ್ಮಾ, ನೀವು ತಿಕ್ಕುವುದು ಹಲ್ಲಾ, ಪಾತ್ರೆಯಾ? ಒಸಡು ಸವೆದು ಹಲ್ಲಿನ ಬೇರು ಕಾಣ್ತಾ ಉಂಟು. ತಂಪು ಸೀದಾ ನರಕ್ಕೆ ತಾಗುವುದು" ಎಂದಳು. ಹಲ್ಲಿನ ಬುಡಕ್ಕೆ ಏನೋ ಮದ್ದು ಸವರಿ, ಮೆತ್ತಗಿನ ಬ್ರಷ್ಷು, ಬೇರೆ ಪೇಸ್ಟು ಕೊಟ್ಟು, ಹುಳಿ ತಿಂದ ಕೂಡಲೇ ತಿಕ್ಕಬೇಡಿ ಎಂದಳು. ಹೇಳಿದ್ದನ್ನೆಲ್ಲ ಪಾಲಿಸಿದೆ. ಹೊಸವರ್ಷದ ಹೊತ್ತಿಗೆ ನೋವು ಪೂರ್ತಿ ಹೋಯಿತು.

ಅವರೂ ಹೋದರು. ಈಗ ಕುರ್ಚಿ ಬರೀ ಕುರ್ಚಿ. ಎಳನೀರು ನೀರಿನ ಹಾಗೆ ಇಳಿಯುತ್ತದೆ, ಬೆನ್ನ ಹಿಂದೆ ಯಾರೂ ಇಲ್ಲ. ತೃಷಾಳಿಗೆ ಕಾಣದ ಹಾಗೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಕಾಯಿಲೆ ಗುಣವಾಯಿತೆಂದು ಅಳುವ ಹೆಂಗಸನ್ನು ಎಲ್ಲಾದರೂ ಕಂಡಿದ್ದೀಯಾ? ಅಷ್ಟು ದಿನ ಹೆದರಿ ಸತ್ತೆನಲ್ಲ, ಒಮ್ಮೆಯಾದರೂ ತಿರುಗಿ ನೋಡಬೇಕಿತ್ತು ಮಗಾ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ರಾಜೀವಿ

ತಾ.ಕ.: ಲತೇಶ ಗೇಟಿನಲ್ಲಿ ಹಾರ್ನ್ ಹಾಕುತ್ತಿದ್ದಾನೆ. ಅಲ್ಲಿಂದ ಆ ಪೇಸ್ಟು ಕಳಿಸುತ್ತೇನೆ ಎಂದಿದ್ದೆಯಲ್ಲ, ಬೇಡ. ತೃಷಾಳಿಗೆ ಹೇಳಬೇಡ, ಎಡಬದಿಯ ಕೊನೆಯ ಹಲ್ಲೊಂದನ್ನು ಮಾತ್ರ ಹಳೆಯ ಬ್ರಷ್ಷಿನಲ್ಲಿ ಗಟ್ಟಿಯಾಗಿ ತಿಕ್ಕುತ್ತಿದ್ದೇನೆ. ಇವತ್ತು ಬೆಳಿಗ್ಗೆ ಎಳನೀರು ಕುಡಿದೆ. ಬಂದರು.