ಹಂಪಮ್ಮತ್ತೆಗೆ ಬಂದ ಮುನ್ನೂರ ಹನ್ನೆರಡು ಓಂ ಶಾಂತಿಗಳು

ಫೆಬ್ರವರಿ ಮೂವತ್ತು, ೨೧೩೧

ಶ್ರೀಮದ್ ರಾಜಾಧಿರಾಜ, ಪರದೆಪರಮೇಶ್ವರ, ಒಂದೇ ಬೆರಳಿನಿಂದ ಭೂಮಂಡಲವನ್ನು ಆಳಿದ, ಅಂಗೈಯಲ್ಲಿ ಆಕಾಶ ಹಿಡಿದು ಪಕ್ಕದ ಮನೆಯವರ ಹೆಸರು ಮರೆತ ನಮ್ಮ ಮುತ್ತಜ್ಜ ಮುತ್ತಜ್ಜಿಯರ ಪಾದಾರವಿಂದಗಳಿಗೆ, ತುಂಗಭದ್ರೆಯ ದಂಡೆಯ ಹುಲಿಗೆಮ್ಮ, ವಯಸ್ಸು ಹತ್ತೊಂಬತ್ತು, ಹಲ್ಲು ಕಚ್ಚಿಕೊಂಡು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳು ಚಿಕ್ಕದಾಯಿತೆಂದು ಜನ ಮತ ಹಾಕಿದರು, ಸರ್ಕಾರ ಎರಡು ದಿನ ಸೇರಿಸಿತು. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಆದರೆ ಅವುಗಳ ಬೀಜ ಬಿತ್ತಿದವರು ನೀವೇ.

ನೀವು ದಿನಾ ಬೆಳಗ್ಗೆ ಗುಲಾಬಿ ಹೂವಿನ ಚಿತ್ರದ ಮೇಲೆ ‘ಶುಭೋದಯ’ ಎಂದು ಬರೆದು ಐವತ್ತು ಗುಂಪಿಗೆ ಕಳಿಸುತ್ತಿದ್ದಿರಂತೆ. ಈಗ ಅದು ಕಾನೂನು. ಅದರ ಹೆಸರು ಬೆಳಗಿನ ಹಾಜರಿ. ಏಳು ಗಂಟೆಯೊಳಗೆ ವಾರ್ಡಿನ ಗುಂಪಿಗೆ ಗುಲಾಬಿ ಹೋದರೆ ನೀವು ಬದುಕಿದ್ದೀರಿ. ಮೂರು ದಿನ ಹೋಗದಿದ್ದರೆ ನೀವು ‘ಮೌನಿ’, ಅಂದರೆ ಅನುಮಾನದ ಮನುಷ್ಯ. ಆಗ ಗುಂಪಿನಲ್ಲಿ ಯಾರಾದರೂ ಕೈ ಮುಗಿದು ‘ಓಂ ಶಾಂತಿ’ ಹಾಕಿದರೆ ಮುಗಿಯಿತು. ಬಾಗಿಲು ತಟ್ಟಿ ನೋಡುವವರು ಯಾರೂ ಇಲ್ಲ. ಅಂಥ ಹುದ್ದೆಗಳನ್ನು ನಿಮ್ಮ ಕಾಲದಲ್ಲೇ ತೆಗೆದುಹಾಕಿದರಂತೆ, ಎಲ್ಲವೂ ಫೋನಿನಲ್ಲೇ ಆಗುತ್ತದೆ ಎಂದು.

ನಮ್ಮ ಕೆಳಗಿನ ಮನೆಯ ಹಂಪಮ್ಮತ್ತೆಯ ಫೋನು ರುಬ್ಬಿದ ದೋಸೆ ಹಿಟ್ಟಿನೊಳಗೆ ಬಿತ್ತು. ಒಣಗಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಅತ್ತೆ ಅದನ್ನು ಚಾಲೂ ಮಾಡಿದಾಗ ಮುನ್ನೂರ ಹನ್ನೆರಡು ಓಂ ಶಾಂತಿಗಳು ಕಾಯುತ್ತಿದ್ದವು. ಅತ್ತೆ ಮೊದಲು ಸಂತೋಷಪಟ್ಟರು. ‘ಇಷ್ಟು ಮಂದಿಗೆ ನನ್ನ ಪರಿಚಯ ಐತೇನ?’ ಎಂದರು. ಆಮೇಲೆ ಇಂಜೆಕ್ಷನ್ ತರಲು ಹೋದರು. ಅವರಿಗೆ ಸಕ್ಕರೆ ಕಾಯಿಲೆ. ವಾರ್ಡಿನ ಔಷಧದ ಕಪಾಟು ಸತ್ತವರ ಹೆಸರಿಗೆ ತೆರೆಯುವುದಿಲ್ಲ.

ಬದುಕಿದವರ, ಸತ್ತವರ ಲೆಕ್ಕ ಇಡುವ ಜೀವ ಕಚೇರಿ ಮೂರನೆಯ ಮಹಡಿಯಲ್ಲಿದೆ. ಅತ್ತೆ ಏದುಸಿರು ಬಿಡುತ್ತಾ ಹತ್ತಿದರು. ‘ಏ ತಮ್ಮಾ, ಸತ್ತಾಕಿ ಇಷ್ಟು ಮೆಟ್ಟಿಲು ಹತ್ತಿ ಬರ್ತಾಳೇನೋ?’

ಗುಮಾಸ್ತ ಪರದೆಯಿಂದ ಕಣ್ಣು ಕೀಳಲಿಲ್ಲ. ‘ಅಮ್ಮಾರ, ಮುನ್ನೂರ ಹನ್ನೆರಡು ಮಂದಿ ಕೈ ಮುಗದಾರ. ಅವರೆಲ್ಲ ಸುಳ್ಳು, ನೀವೊಬ್ರೇ ಖರೇನಾ?’

‘ಮುಖ ಎತ್ತಿ ನೋಡಪ್ಪಾ ಒಂದ್ಸಲ.’

‘ನೋಡಾಕ ನನಗ ಅಧಿಕಾರ ಇಲ್ರೀ.’

ಮುತ್ತಜ್ಜಂದಿರೇ, ಆ ಮಾತನ್ನು ಇನ್ನೊಮ್ಮೆ ಓದಿ. ಎದುರಿಗೆ ನಿಂತ ಮನುಷ್ಯರನ್ನು ನೋಡಲು ಅಧಿಕಾರವಿಲ್ಲದ ಸರ್ಕಾರವನ್ನು ನಮಗೆ ಆಸ್ತಿಯಾಗಿ ಬಿಟ್ಟು ಹೋದಿರಿ. ಎಷ್ಟು ಜನ ಒತ್ತಿದರು ಎನ್ನುವುದನ್ನೇ ಸತ್ಯ ಎಂದಿರಿ. ನಿಮ್ಮ ಸಮಾಧಿ ಎಲ್ಲಿದೆಯೆಂದು ಗೊತ್ತಿದ್ದರೆ ಹೋಗಿ ಕೂಗಾಡಿ ಬರುತ್ತಿದ್ದೆ.

ಅತ್ತೆ ಮತ್ತೆ ಬದುಕಬೇಕಾದರೆ ಓಂ ಶಾಂತಿ ಹಾಕಿದವರೆಲ್ಲ ಅದನ್ನು ವಾಪಸು ತೆಗೆಯಬೇಕು, ಒಬ್ಬರೂ ಬಿಡದಂತೆ. ಹಾಕಿದವರು ಯಾರೆಂದು ಗುಂಪು ತೋರಿಸುವುದಿಲ್ಲ. ವಾಪಸು ತೆಗೆದಾಗ ಮಾತ್ರ ಅತ್ತೆಯ ಫೋನು ಅವರ ಹೆಸರನ್ನು ಗಟ್ಟಿಯಾಗಿ ಕೂಗುತ್ತದೆ. ಹಾಗಾಗಿ ಅತ್ತೆಯ ಕೈ ಹಿಡಿದುಕೊಂಡು ವಾರ್ಡಿನ ಮನೆಮನೆಯ ಬಾಗಿಲು ತಟ್ಟಿದೆ. ಮಂದಿ ಹೆದರಿದರು, ನಕ್ಕರು, ತೆಗೆದರು. ಸಕ್ಕರೆ ಕಾಯಿಲೆಯವರಿದ್ದ ಮನೆಗಳಿಂದ ಒಂದೊಂದು ಇಂಜೆಕ್ಷನ್ ಬೇಡಿ ತಂದೆವು. ಸೈಕಲ್ ಅಂಗಡಿಯ ಪಂಪಣ್ಣ ಮಾತ್ರ ಅತ್ತೆಯ ಮುಖಕ್ಕೇ ಹೇಳಿದ: ‘ಹೋದೋರಿಗೆ ಮುಗಿದ ಕೈ ಹಿಂದಕ್ಕ ತಗೋಬಾರದವ್ವಾ, ಮನಿಗೆ ಒಳ್ಳೇದಲ್ಲ.’

‘ನಾನು ಹೋಗೇ ಇಲ್ಲಲ್ಲೋ!’

‘ಅದು ಖರೆ. ಆದ್ರೂ ಮುಗಿದಿದ್ದು ಮುಗಿದಂಗ.’

ಅವನ ಅಂಗಡಿಯ ಮುಂದೆ ಅತ್ತೆ ಎರಡು ದಿನ ಕೂತರು, ಗಿರಾಕಿಗಳಿಗೆಲ್ಲ ‘ನಾನು ದೆವ್ವ, ಗಾಳಿ ಹೊಡಸ್ಕೊಳ್ರಿ’ ಎನ್ನುತ್ತಾ. ನಿನ್ನೆ ಅವನೂ ತೆಗೆದ. ಈಗ ಉಳಿದಿರುವುದು ಒಂದೇ ಓಂ ಶಾಂತಿ, ಎರಡೇ ಇಂಜೆಕ್ಷನ್. ಬೆಳಗ್ಗೆಯಿಂದ ಅತ್ತೆಯ ಕಾಲು ಊದಿಕೊಂಡಿದೆ. ‘ಯಾವ ಮುಂಡೇದದು, ಸಿಗಲಿ’ ಎಂದು ಮಲಗಿದಲ್ಲೇ ಬೈಯುತ್ತಿದ್ದಾರೆ.

ಈ ಪತ್ರ ನಿಮ್ಮ ಕೈ ಸೇರುವುದಾದರೆ ನನ್ನದೊಂದೇ ಬೇಡಿಕೆ. ನಾಳೆ ಬೆಳಗ್ಗೆ ಗುಲಾಬಿ ಕಳಿಸಬೇಡಿ. ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿ. ನಿಮ್ಮನ್ನು ಕ್ಷಮಿಸುವ ಬಗ್ಗೆ ಆಮೇಲೆ ಯೋಚಿಸುತ್ತೇನೆ.

ಇತಿ ನಿಮ್ಮ ಕೋಪಿಷ್ಠ ಮರಿಮಗಳು,
ಹುಲಿಗೆಮ್ಮ

ಇನ್ನೊಂದು ಮಾತು. ಫೋನು ಹಿಟ್ಟಿಗೆ ಬಿದ್ದದ್ದು ನನಗೆ ಗೊತ್ತಿತ್ತು. ನಗು ಬಂತು. ತಮಾಷೆಗೆಂದು ಮೊದಲನೆಯ ಓಂ ಶಾಂತಿ ಹಾಕಿದವಳು ನಾನೇ. ತೆಗೆದರೆ ಫೋನು ನನ್ನ ಹೆಸರು ಕೂಗುತ್ತದೆ, ಅದಕ್ಕೇ ಇನ್ನೂ ತೆಗೆದಿಲ್ಲ.